ಮನೆಯಲ್ಲೇ ರೇಡಿಯೊ ಕೇಂದ್ರ ಇಟ್ಟ ಮೇಷ್ಟ್ರು: ಎಂ.ವಿ. ಗೋಪಾಲಸ್ವಾಮಿಯವರ ಬದುಕು ಮತ್ತು ನಿಮ್ಮ ಮನೆಯ ಎರಡನೇ ರೂಟರ್

ಮನೆಗೆ ಎರಡನೇ ವೈಫೈ ರೂಟರ್ ಹಾಕಿಸಬೇಕು ಎಂದು ಫ್ಯಾಮಿಲಿ ಗ್ರೂಪಿನಲ್ಲಿ ಬರೆದು ನೋಡಿ. ಹತ್ತು ನಿಮಿಷದಲ್ಲಿ ಮೂರು ಥರದ ಸಲಹೆ ಬರುತ್ತವೆ. ಎರಡನೆಯದು ಯಾಕೆ, ನಾಲ್ಕು ಆಂಟೆನಾ ಇರುವ ಜೋರಾದ ರೂಟರ್ ಒಂದನ್ನೇ ತಗೊಳ್ಳಿ ಅನ್ನುವುದು ಮೊದಲನೆಯದು. ಎರಡು ರೂಟರ್ ಇಟ್ಟರೆ ವಿಕಿರಣವೂ ಎರಡು ಪಟ್ಟು, ಮಲಗುವ ಕೋಣೆ ಹತ್ತಿರ ಬೇಡವೇ ಬೇಡ ಅನ್ನುವ ಫಾರ್ವರ್ಡ್ ಎರಡನೆಯದು. ಹಳೇ ರೂಟರ್ ಇದ್ದರೆ ಸುಮ್ಮನೆ ಕೇಬಲ್ ಚುಚ್ಚಿ, ತಾನಾಗಿ ಕೆಲಸ ಮಾಡುತ್ತೆ ಅನ್ನುವುದು ಮೂರನೆಯದು.

ಮೂರನ್ನೂ ನಂಬಿ ನಡೆದರೆ ದುಡ್ಡು ಹೋಗುತ್ತದೆ, ನಿದ್ದೆ ಕೆಡುತ್ತದೆ, ಇಂಟರ್ನೆಟ್ಟೂ ನಿಲ್ಲುತ್ತದೆ. ಈ ಮೂರಕ್ಕೂ ಉತ್ತರ ಹುಡುಕಲು ಒಬ್ಬ ಮನುಷ್ಯನ ಬದುಕನ್ನು ನೋಡೋಣ. ಕೆಂಗೇರಿ ಉಪನಗರದ ಪಕ್ಕದಲ್ಲೇ ಹಾದುಹೋಗುವ ಮೈಸೂರು ರಸ್ತೆಯನ್ನು ಕೊನೆತನಕ ಹಿಡಿದು ಹೋದರೆ ಸಿಗುವ ಊರಿನಲ್ಲಿ, 90 ವರ್ಷಗಳ ಹಿಂದೆ ಅವರು ತಮ್ಮ ಸ್ವಂತ ಮನೆಯೊಳಗೆ ಒಂದು ವೈರ್‌ಲೆಸ್ ಪೆಟ್ಟಿಗೆ ಇಟ್ಟುಕೊಂಡಿದ್ದರು. ಅದರ ಹೆಸರು ಆಕಾಶವಾಣಿ. ಅವರ ಹೆಸರು ಎಂ.ವಿ. ಗೋಪಾಲಸ್ವಾಮಿ.

ಎಂಜಿನಿಯರ್ ಅಲ್ಲ, ಮನಶ್ಶಾಸ್ತ್ರದ ಮೇಷ್ಟ್ರು

ರೇಡಿಯೊ ಕೇಂದ್ರ ಕಟ್ಟಿದವರು ಅಂದರೆ ಎಂಜಿನಿಯರ್ ಇರಬೇಕು ಎಂದು ಅನ್ನಿಸುತ್ತದೆ. ಗೋಪಾಲಸ್ವಾಮಿ ಓದಿದ್ದು ಮನಶ್ಶಾಸ್ತ್ರ. ಲಂಡನ್ ವಿಶ್ವವಿದ್ಯಾಲಯದಲ್ಲಿ ಅವರಿಗೆ ಗುರುವಾಗಿದ್ದವರು ಚಾರ್ಲ್ಸ್ ಸ್ಪಿಯರ್‌ಮನ್. ಬುದ್ಧಿಶಕ್ತಿಯನ್ನು ಅಳೆಯುವುದು ಹೇಗೆ ಎಂದು ಜೀವನವಿಡೀ ಕೆಲಸ ಮಾಡಿದ, ಇವತ್ತಿಗೂ ಪಠ್ಯಪುಸ್ತಕಗಳಲ್ಲಿ ಹೆಸರಿರುವ ವಿಜ್ಞಾನಿ ಅವರು.

ಲಂಡನ್ನಿನಿಂದ ಬಂದ ಗೋಪಾಲಸ್ವಾಮಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. 1920ರ ದಶಕದಲ್ಲಿ ನಮ್ಮ ದೇಶದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗ ಇದ್ದ ವಿಶ್ವವಿದ್ಯಾಲಯಗಳು ಬೆರಳೆಣಿಕೆಯಷ್ಟು. ಪಶ್ಚಿಮದಲ್ಲಿ ತಯಾರಾದ ಬುದ್ಧಿಮಾಪನ ಪರೀಕ್ಷೆಗಳನ್ನು ಇಲ್ಲಿನ ಮಕ್ಕಳಿಗೆ ಹೊಂದುವಂತೆ ಮಾಡುವುದು ಅವರ ಕೆಲಸಗಳಲ್ಲಿ ಒಂದು. ಅಲ್ಲಿನ ಪ್ರಶ್ನೆ ಇಲ್ಲಿನ ಮಗುವಿಗೆ ಅರ್ಥವಾಗದಿದ್ದರೆ ತಪ್ಪು ಮಗುವಿನದಲ್ಲ, ಪ್ರಶ್ನೆಯದು. ಅಂಥ ಪರೀಕ್ಷೆಯನ್ನು ತಿದ್ದುವವರು ಮಾತು ಹೋಗಿ ಮುಟ್ಟುವ ತುದಿಯಲ್ಲಿ ನಿಂತು ಯೋಚಿಸಲೇಬೇಕು.

ಅವರು ಓದಿದ ಲಂಡನ್ನಿನಲ್ಲಿ ಬಿಬಿಸಿ ಶುರುವಾಗಿದ್ದು 1922ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಆಗ ಕನ್ನಡದಲ್ಲಿ ಮಾತನಾಡುವ ರೇಡಿಯೊ ಕೇಂದ್ರ ಇರಲಿಲ್ಲ.

1935ರ ಸೆಪ್ಟೆಂಬರ್ 10

ಆ ದಿನ ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಮನೆಯ ಹೆಸರು ವಿಠ್ಠಲ ವಿಹಾರ. ಈಗ ಮೈಸೂರಿನ ಯಾದವಗಿರಿಯಲ್ಲಿರುವ ಆಕಾಶವಾಣಿ ಕೇಂದ್ರಕ್ಕೂ ಆ ಮನೆಗೂ ಇನ್ನೂರು ಗಜದಷ್ಟೇ ದೂರ. ಟ್ರಾನ್ಸ್‌ಮಿಟರ್ ಚಿಕ್ಕದು, ಅದರ ಶಕ್ತಿ ನೂರು ವಾಟ್ ಕೂಡ ಇರಲಿಲ್ಲ. ನಮ್ಮ ಹಳೇ ಗುಂಡು ಬಲ್ಬಿಗಿಂತ ಕಡಿಮೆ. ಆದರೂ ಅದು ಊರಿಗೆ ಕೇಳಿಸುತ್ತಿತ್ತು. ಕಾಲೇಜಿನ ಕೆಲಸ ಮುಗಿಸಿ ಬಂದು, ಕೈಯಿಂದ ಖರ್ಚು ಹಾಕಿ ಅವರು ಅದನ್ನು ನಡೆಸಿದರು. ಕನ್ನಡದ ಹಾಸ್ಯ ಲೇಖಕ ನಾ. ಕಸ್ತೂರಿ ಜೊತೆಗಿದ್ದರು.

ಫಾರ್ವರ್ಡ್‌ಗಳಲ್ಲಿ ಈ ಕಥೆ ಬರುವಾಗ ಎರಡು ತಪ್ಪು ಸೇರಿಕೊಳ್ಳುತ್ತವೆ. ಎರಡನ್ನೂ ಇಲ್ಲೇ ಸರಿಮಾಡಿಕೊಳ್ಳೋಣ.

ಮೊದಲ ತಪ್ಪು: ಭಾರತದ ಮೊಟ್ಟಮೊದಲ ಖಾಸಗಿ ರೇಡಿಯೊ ಇದೇ ಅನ್ನುವುದು. ಅಲ್ಲ. 1923ರಲ್ಲಿ ಬಾಂಬೆ ರೇಡಿಯೊ ಕ್ಲಬ್, 1924ರಲ್ಲಿ ಮದರಾಸಿನ ರೇಡಿಯೊ ಕ್ಲಬ್ ಪ್ರಸಾರ ಮಾಡಿದ್ದವು. 1927ರಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಖಾಸಗಿ ಸಂಸ್ಥೆ ಬಂತು. ಗೋಪಾಲಸ್ವಾಮಿಯವರ ಹೆಗ್ಗಳಿಕೆ ಬೇರೆ: ಕ್ಲಬ್ಬಾಗಲೀ ಕಂಪನಿಯಾಗಲೀ ಬೆನ್ನಿಗಿಲ್ಲದೆ ಒಬ್ಬ ಮೇಷ್ಟ್ರು ಮನೆಯಲ್ಲಿ ಕಟ್ಟಿದ ಕೇಂದ್ರ ಅದು.

ಎರಡನೇ ತಪ್ಪು: ಆಕಾಶವಾಣಿ ಎಂಬ ಹೆಸರು ಕೊಟ್ಟವರು ರವೀಂದ್ರನಾಥ ಟ್ಯಾಗೋರ್ ಅನ್ನುವುದು. ಕಲ್ಕತ್ತಾ ರೇಡಿಯೊಗಾಗಿ ಟ್ಯಾಗೋರರು ಆ ಪದ ಬಳಸಿ ಕವಿತೆ ಬರೆದದ್ದು 1938ರಲ್ಲಿ. ಮೈಸೂರಿನ ಕೇಂದ್ರ ಅದಕ್ಕೂ ಮೊದಲೇ ಆ ಹೆಸರಿನಲ್ಲಿತ್ತು. ಮೈಸೂರಿನ ನಾಮಕರಣದ ಜೊತೆ ನಾ. ಕಸ್ತೂರಿಯವರ ಹೆಸರು ಸೇರಿ ಬಂದಿದೆ. ಆಲ್ ಇಂಡಿಯಾ ರೇಡಿಯೊ ಎಂಬ ಹೆಸರೇ ಹುಟ್ಟಿದ್ದು 1936ರಲ್ಲಿ. ಅದು ಆಕಾಶವಾಣಿ ಎಂದು ಕರೆಸಿಕೊಂಡದ್ದು 1950ರ ದಶಕದಲ್ಲಿ.

ಪವರ್ ಜಾಸ್ತಿ ಮಾಡಿದರೆ ಸಾಕೇ?

ಚಿಕ್ಕ ಟ್ರಾನ್ಸ್‌ಮಿಟರಿನ ದನಿ ದೂರಕ್ಕೆ ಹೋಗುತ್ತಿರಲಿಲ್ಲ. ಗೋಪಾಲಸ್ವಾಮಿ ಆಮೇಲೆ 250 ವಾಟ್‌ನ ಟ್ರಾನ್ಸ್‌ಮಿಟರ್ ತಂದರು. ಶಕ್ತಿ ಹೆಚ್ಚಿತು, ಕೇಳುವ ಪ್ರದೇಶ ಹಿಗ್ಗಿತು. ಅವರಿಗೆ ಅದು ಸರಿಯಾದ ದಾರಿ.

ನಿಮ್ಮ ಮನೆಗೆ ಅದು ಸರಿಯಾದ ದಾರಿ ಅಲ್ಲ. ಯಾಕೆ ಅನ್ನುವುದೇ ಈ ಲೇಖನದ ಮುಖ್ಯ ವಿಷಯ.

ರೇಡಿಯೊ ಒಂದೇ ಕಡೆಗೆ ಮಾತಾಡುತ್ತದೆ. ವಿಠ್ಠಲ ವಿಹಾರದ ಟ್ರಾನ್ಸ್‌ಮಿಟರ್ ಹೇಳುತ್ತಿತ್ತು, ಮನೆಮನೆಯ ಸೆಟ್ಟು ಕೇಳುತ್ತಿತ್ತು. ಆ ಸೆಟ್ಟು ತಿರುಗಿ ಏನನ್ನೂ ಹೇಳಬೇಕಾಗಿರಲಿಲ್ಲ. ಹಾಗಾಗಿ ಹೇಳುವವರ ದನಿ ಏರಿಸಿದರೆ ಕೆಲಸ ಮುಗಿಯಿತು.

ವೈಫೈ ಎರಡೂ ಕಡೆಯ ಮಾತುಕತೆ. ನೀವು ಒಂದು ವಿಡಿಯೊ ನೋಡುವಾಗಲೂ ನಿಮ್ಮ ಫೋನ್ ಸುಮ್ಮನೆ ಕೂತಿರುವುದಿಲ್ಲ. ಬಂದ ಪ್ರತಿಯೊಂದು ತುಣುಕಿಗೂ ಸಿಕ್ಕಿತು, ಮುಂದಿನದು ಕಳಿಸು ಎಂದು ರೂಟರಿಗೆ ಉತ್ತರ ಕೊಡುತ್ತಲೇ ಇರುತ್ತದೆ. ರೂಟರ್ ಗೋಡೆಗೆ ಹಾಕಿದ ಕರೆಂಟಿನಿಂದ ನಡೆಯುತ್ತದೆ, ಫೋನ್ ಚಿಕ್ಕ ಬ್ಯಾಟರಿಯಿಂದ. ನೀವು ರೂಟರಿನ ದನಿಯನ್ನು ಎಷ್ಟು ಏರಿಸಿದರೂ ಫೋನಿನ ದನಿ ಏರುವುದಿಲ್ಲ. ಮೂರನೇ ಮಹಡಿಯ ಕೋಣೆಯಲ್ಲಿ ಫೋನಿಗೆ ರೂಟರ್ ಕೇಳಿಸುತ್ತದೆ, ರೂಟರಿಗೆ ಫೋನ್ ಕೇಳಿಸುವುದಿಲ್ಲ. ವೈಫೈ ಗುರುತು ತುಂಬಾ ಕಡ್ಡಿ ತೋರಿಸುತ್ತಿದ್ದರೂ ವಾಟ್ಸ್ಆ್ಯಪ್ ಕಾಲ್ ಕಡಿದು ಹೋಗುವುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ಅಲೆಗಳ ಉದ್ದ. ಹಳೇ ಕಾಲದ ಮಧ್ಯಮ ತರಂಗ ರೇಡಿಯೊದ ಒಂದೊಂದು ಅಲೆಯೂ ನೂರಾರು ಮೀಟರ್ ಉದ್ದ. ಅದಕ್ಕೆ ನಿಮ್ಮ ಮನೆಯ ಗೋಡೆ ಲೆಕ್ಕಕ್ಕೇ ಇಲ್ಲ. 2.4 ಗಿಗಾಹರ್ಟ್ಸ್ ವೈಫೈ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಅದರ ಅರ್ಧ. ಕಬ್ಬಿಣದ ಸರಳು ಹೆಣೆದು ಕಾಂಕ್ರೀಟ್ ಸುರಿದ ತಾರಸಿ ಅದಕ್ಕೆ ದೊಡ್ಡ ಅಡ್ಡಿ. ನೀರು ತುಂಬಿದ ಟ್ಯಾಂಕ್, ಸ್ಟೀಲ್ ಬೀರು, ದೊಡ್ಡ ಕನ್ನಡಿ, ಫ್ರಿಜ್ಜು ಎಲ್ಲವೂ ತಮ್ಮ ಪಾಲನ್ನು ನುಂಗುತ್ತವೆ ಅಥವಾ ವಾಪಸ್ ತಳ್ಳುತ್ತವೆ.

ಕೆಂಗೇರಿ ಉಪನಗರದಲ್ಲಿ ಮೂವತ್ತು-ನಲವತ್ತರ ಸೈಟಿನ ಮನೆ ಹೇಗಿರುತ್ತದೆ ಎಂದು ನೆನಪಿಸಿಕೊಳ್ಳಿ. ಅಗಲಕ್ಕೆ ಜಾಗ ಇಲ್ಲ, ಹಾಗಾಗಿ ಮನೆ ಮೇಲಕ್ಕೆ ಬೆಳೆಯುತ್ತದೆ. ಫೈಬರ್ ಕೇಬಲ್ ಒಳಗೆ ಬರುವುದು ನೆಲಮಹಡಿಯ ಹಾಲಿಗೆ. ಪೆಟ್ಟಿಗೆ ಕೂರುವುದು ಟಿವಿಯ ಹಿಂದೆ. ಓದುವ ಮಗು, ಮನೆಯಿಂದ ಕೆಲಸ ಮಾಡುವ ಸೊಸೆ ಅಥವಾ ಡಾಕ್ಟರ ಜೊತೆ ವಿಡಿಯೊದಲ್ಲಿ ಮಾತನಾಡಬೇಕಾದ ತಾತ ಇರುವುದು ಎರಡು ತಾರಸಿ ಆಚೆ. ಅಲ್ಲಿಗೆ ನಾಲ್ಕು ಆಂಟೆನಾದ ದುಬಾರಿ ಪೆಟ್ಟಿಗೆ ತಂದು ಅದೇ ಟಿವಿಯ ಹಿಂದೆ ಇಟ್ಟರೆ ಬದಲಾಗುವುದು ಬಹಳ ಕಡಿಮೆ.

ಒಂದು ಕೇಂದ್ರ ಸಾಲದು ಎಂದಾಗ

ಸುಮಾರು ಆರು ವರ್ಷ ಗೋಪಾಲಸ್ವಾಮಿ ಕೇಂದ್ರವನ್ನು ತಾವೇ ಹೊತ್ತು ನಡೆಸಿದರು. ಮನೆಯಲ್ಲಿ ರೇಡಿಯೊ ಕೇಂದ್ರ ಇಡುವುದು ಖರ್ಚಿನ ಬಾಬ್ತು. ಯಂತ್ರ, ಕಲಾವಿದರು, ದಿನದಿನದ ಕಾರ್ಯಕ್ರಮ, ಎಲ್ಲವೂ ಒಬ್ಬ ಪ್ರಾಧ್ಯಾಪಕನ ಸಂಬಳಕ್ಕೆ ಮೀರಿದ್ದು. 1940ರ ದಶಕದ ಆರಂಭದಲ್ಲಿ ಕೇಂದ್ರ ಮೈಸೂರು ಸಂಸ್ಥಾನದ ಕೈಗೆ ಹೋಯಿತು. 1950ರ ಏಪ್ರಿಲ್‌ನಲ್ಲಿ ಸಂಸ್ಥಾನಗಳ ಉಳಿದ ರೇಡಿಯೊ ಕೇಂದ್ರಗಳ ಜೊತೆ ಅದೂ ಆಲ್ ಇಂಡಿಯಾ ರೇಡಿಯೊಗೆ ಸೇರಿತು. 1955ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ಮೇಷ್ಟ್ರ ಮನೆಯಲ್ಲಿ ಹುಟ್ಟಿದ ಕೇಂದ್ರ ರಾಜಧಾನಿಗೆ ಹೋಯಿತು.

ಆಮೇಲೆ ನಡೆದದ್ದನ್ನು ಗಮನಿಸಿ. ಬೆಂಗಳೂರಿನ ಒಂದೇ ಟ್ರಾನ್ಸ್‌ಮಿಟರಿನಿಂದ ಇಡೀ ಕರ್ನಾಟಕವನ್ನು ಚೆನ್ನಾಗಿ ಮುಟ್ಟಲು ಆಗುವುದಿಲ್ಲ. ಧಾರವಾಡದಲ್ಲಿ 1950ರಲ್ಲೇ ಕೇಂದ್ರ ಬಂದಿತ್ತು. ಮುಂದೆ ಭದ್ರಾವತಿ, ಕಲಬುರಗಿ, ಮಂಗಳೂರುಗಳಲ್ಲಿ ಕೇಂದ್ರಗಳು ಎದ್ದವು. 1974ರಲ್ಲಿ ಮೈಸೂರಿಗೂ ಮತ್ತೆ ಕೇಂದ್ರ ಸಿಕ್ಕಿತು. ಬೆಂಗಳೂರಿನಲ್ಲಿ ಓದಿದ ಪ್ರದೇಶ ಸಮಾಚಾರವನ್ನು ಬೇರೆ ಕೇಂದ್ರಗಳು ಪಡೆದು ತಮ್ಮ ತಮ್ಮ ಟ್ರಾನ್ಸ್‌ಮಿಟರಿನಿಂದ ಮರುಪ್ರಸಾರ ಮಾಡಿದವು. ಒಂದು ಕಡೆ ದನಿ ಏರಿಸುತ್ತಾ ಹೋಗುವ ಬದಲು ಕೇಳುಗರ ಹತ್ತಿರ ಇನ್ನೊಂದು ಕೇಂದ್ರ ಇಟ್ಟರು.

ಎರಡನೇ ರೂಟರ್ ಅಂದರೆ ಇದೇ. ಕೆಳಗಿನ ರೂಟರ್ ನಿಮ್ಮ ಮನೆಯ ಬೆಂಗಳೂರು, ಮೇಲಿನದು ನಿಮ್ಮ ಧಾರವಾಡ. ಎರಡರ ನಡುವೆ ಗಟ್ಟಿಯಾದ ಸಂಪರ್ಕ ಬೇಕು. ಆ ಸಂಪರ್ಕಕ್ಕೆ ಎಲ್ಲಕ್ಕಿಂತ ಒಳ್ಳೆಯದು ತಂತಿ.

ಎರಡನೇ ರೂಟರ್ ಸರಿಯಾಗಿ ಹಾಕುವುದು ಹೇಗೆ?

ತಂತಿ ಎಳೆಸಿ. ಕೆಳಗಿನ ರೂಟರಿನ ಹಿಂದೆ ಲ್ಯಾನ್ ಎಂದು ಬರೆದ ತೂತುಗಳಿರುತ್ತವೆ. ಅಲ್ಲಿಂದ ಮೇಲಿನ ಮಹಡಿಗೆ ಕ್ಯಾಟ್ 6 ಕೇಬಲ್ ಎಳೆಸಿ. ನೂರು ಮೀಟರ್‌ವರೆಗೆ ಅದು ವೇಗ ಕಳೆದುಕೊಳ್ಳುವುದಿಲ್ಲ, ನಿಮಗೆ ಬೇಕಾಗುವುದು ಹದಿನೈದು-ಇಪ್ಪತ್ತು ಮೀಟರ್. ಕರೆಂಟ್ ವೈರ್ ಇರುವ ಪೈಪಿನೊಳಗೇ ತುರುಕಬೇಡಿ, ಬೇರೆ ಪೈಪ್ ಹಾಕಿಸಿ.

ವಿಳಾಸ ಹಂಚುವ ಕೆಲಸ ಒಂದಕ್ಕೇ ಬಿಡಿ. ಮನೆಯ ಪ್ರತಿ ಫೋನಿಗೂ ರೂಟರ್ ಒಂದು ನಂಬರ್ ಕೊಡುತ್ತದೆ. ಈ ಕೆಲಸಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಸುಮ್ಮನೆ ಕೇಬಲ್ ಚುಚ್ಚಿ ಅನ್ನುವ ಸಲಹೆ ಕೈಕೊಡುವುದು ಇಲ್ಲಿಯೇ. ಎರಡೂ ರೂಟರ್ ಒಂದೇ ಜಾಲದಲ್ಲಿ ನಂಬರ್ ಹಂಚಲು ಕೂತರೆ ಒಂದೇ ಬಡಾವಣೆಗೆ ಇಬ್ಬರು ಸೈಟ್ ನಂಬರ್ ಕೊಟ್ಟ ಹಾಗೆ. ಒಂದೇ ನಂಬರ್ ಇಬ್ಬರಿಗೆ ಬೀಳುತ್ತದೆ, ಜಗಳ ಶುರುವಾಗುತ್ತದೆ. ಎರಡನೇ ರೂಟರಿನ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿ, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಹಳೇ ರೂಟರಿನಲ್ಲಿ ಆ ಮೋಡ್ ಇಲ್ಲದಿದ್ದರೆ ಮೂರು ಕೆಲಸ ಮಾಡಿ. ಮೊದಲು ಅದರ ಸ್ವಂತ ವಿಳಾಸ ಬದಲಿಸಿ. ಕೆಳಗಿನದು 192.168.1.1 ಆಗಿದ್ದರೆ ಮೇಲಿನದಕ್ಕೆ 192.168.1.2 ಕೊಡಿ, ಆ ನಂಬರ್ ಬೇರೆ ಯಾವ ಸಾಧನಕ್ಕೂ ಹೋಗದಂತೆ ನೋಡಿಕೊಳ್ಳಿ. ನಂತರ ಅದರ ಡಿಎಚ್‌ಸಿಪಿ ಆಫ್ ಮಾಡಿ. ಕೊನೆಗೆ ಕೆಳಗಿನಿಂದ ಬಂದ ಕೇಬಲನ್ನು ವ್ಯಾನ್ ಎಂಬ ತೂತಿಗೆ ಹಾಕದೆ ಲ್ಯಾನ್ ತೂತಿಗೆ ಹಾಕಿ.

ಹೆಸರು ಒಂದೇ, ಚಾನೆಲ್ ಬೇರೆ. ಎರಡೂ ರೂಟರಿಗೆ ಅದೇ ವೈಫೈ ಹೆಸರು, ಅದೇ ಪಾಸ್‌ವರ್ಡ್ ಕೊಡಿ. ಆಗ ಮೆಟ್ಟಿಲು ಹತ್ತುವಾಗ ಫೋನ್ ತಾನೇ ಹತ್ತಿರದ್ದಕ್ಕೆ ಬದಲಾಯಿಸಿಕೊಳ್ಳುತ್ತದೆ. ಕೆಲವು ಫೋನ್‌ಗಳು ದೂರದ್ದನ್ನೇ ಹಿಡಿದುಕೊಂಡಿರುತ್ತವೆ, ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಒಂದಕ್ಕೆ 1 ಕೊಟ್ಟರೆ ಇನ್ನೊಂದಕ್ಕೆ 6 ಅಥವಾ 11 ಕೊಡಿ. ಇಬ್ಬರೂ ಒಂದೇ ಚಾನೆಲ್‌ನಲ್ಲಿದ್ದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಕಾಯಬೇಕಾಗುತ್ತದೆ.

ಜಾಗ ನೋಡಿ ಇಡಿ. ಮೇಲಿನ ರೂಟರ್ ಆ ಮಹಡಿಯ ನಡುಮಧ್ಯದಲ್ಲಿ, ಎದೆಮಟ್ಟಕ್ಕಿಂತ ಮೇಲೆ, ಬಯಲಾಗಿ ಇರಲಿ. ಬೀರುವಿನೊಳಗೆ ಬೇಡ, ನೀರಿನ ಟ್ಯಾಂಕಿನ ಗೋಡೆಗೆ ಒರಗಿಸುವುದೂ ಬೇಡ.

ತಂತಿ ಎಳೆಯಲು ಆಗುವುದೇ ಇಲ್ಲವೇ? ಬಾಡಿಗೆ ಮನೆಯಾದರೆ ಗೋಡೆ ಕೊರೆಯಲು ಓನರ್ ಒಪ್ಪದಿರಬಹುದು. ಆಗ ಎಕ್ಸ್‌ಟೆಂಡರ್ ಅಥವಾ ಮೆಶ್ ಸೆಟ್ ಇದೆ. ಸಾದಾ ಎಕ್ಸ್‌ಟೆಂಡರ್ ಅದೇ ಗಾಳಿಯಲ್ಲಿ ಕೇಳಿ ಅದನ್ನೇ ಮತ್ತೆ ಹೇಳಬೇಕಾದ್ದರಿಂದ ವೇಗ ಅರ್ಧಕ್ಕೆ ಇಳಿಯಬಹುದು. ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲಿ ಇಡಬೇಡಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಅರ್ಧದಾರಿಯಲ್ಲಿ, ಮೆಟ್ಟಿಲ ತಿರುವಿನಲ್ಲಿ ಇಡಿ. ತನಗೇ ಕೇಳಿಸದ್ದನ್ನು ಅದು ಇನ್ನೊಬ್ಬರಿಗೆ ಹೇಳಲಾರದು.

ಕರೆಂಟ್ ಹೋದಾಗ ಏನು ಎಂದೂ ಯೋಚಿಸಿ. ಎರಡು ಪೆಟ್ಟಿಗೆ ಅಂದರೆ ಎರಡಕ್ಕೂ ಬ್ಯಾಕಪ್ ಬೇಕು. ಕೆಳಗಿನದು ಯುಪಿಎಸ್‌ನಲ್ಲಿದ್ದು ಮೇಲಿನದು ಇಲ್ಲದಿದ್ದರೆ ಮಗುವಿನ ಪರೀಕ್ಷೆಯ ಮಧ್ಯೆ ಮೇಲಿನ ಮಹಡಿ ಮಾತ್ರ ಕತ್ತಲಾಗುತ್ತದೆ.

ವಿಕಿರಣದ ಫಾರ್ವರ್ಡ್ ನಿಜವೇ?

ಈಗ ಹೆದರಿಕೆಯ ವಿಷಯ. ಗೋಪಾಲಸ್ವಾಮಿಯವರ ಮನೆಯಲ್ಲಿದ್ದದ್ದು 250 ವಾಟ್. ನಿಮ್ಮ ರೂಟರಿನ ಪ್ರಸಾರ ಶಕ್ತಿ ಸಾಮಾನ್ಯವಾಗಿ ಒಂದು ವಾಟ್‌ನ ಹತ್ತನೇ ಒಂದು ಭಾಗದ ಆಸುಪಾಸು. ಲೆಕ್ಕ ಹಾಕಿದರೆ ಎರಡೂವರೆ ಸಾವಿರ ಪಟ್ಟು ವ್ಯತ್ಯಾಸ. ಅವರಿಗೇನೂ ಆಗಲಿಲ್ಲ, ಹಾಗಾಗಿ ನಿಮಗೂ ಆಗುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಒಬ್ಬರ ಬದುಕು ಪುರಾವೆಯಾಗುವುದಿಲ್ಲ. ಫಾರ್ವರ್ಡ್‌ಗಳು ಮಾಡುವ ತಪ್ಪು ಅದೇ.

ಪುರಾವೆ ಬೇರೆ ಕಡೆಯಿದೆ. ವೈಫೈ ಅಲೆಗಳು ಎಕ್ಸ್-ರೇ ಥರದವಲ್ಲ. ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಡಿಎನ್ಎಗೆ ನೇರ ಹಾನಿ ಮಾಡುವಷ್ಟು ಶಕ್ತಿ ಅವುಗಳಿಗಿಲ್ಲ. ಹೆಚ್ಚು ಶಕ್ತಿಯಲ್ಲಿ ಅವು ಮಾಡಬಲ್ಲ ಖಚಿತವಾದ ಕೆಲಸ ಬಿಸಿ ಮಾಡುವುದು, ಮನೆಯ ರೂಟರಿಗೆ ಅಷ್ಟು ಶಕ್ತಿಯಿಲ್ಲ. ಜೊತೆಗೆ ದೂರ ಎರಡು ಪಟ್ಟಾದರೆ ತೀವ್ರತೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಕೆಳಗಿನ ಹಾಲಿನಲ್ಲೊಂದು, ಮೇಲಿನ ಪಡಸಾಲೆಯಲ್ಲೊಂದು ರೂಟರ್ ಇದ್ದರೆ ನಿಮ್ಮ ಹಾಸಿಗೆಗೆ ಎರಡೂ ಸಮವಾಗಿ ಬಂದು ಬೀಳುವುದಿಲ್ಲ. ಎರಡು ಪಟ್ಟು ಅನ್ನುವ ಲೆಕ್ಕ ಅಲ್ಲಿಯೇ ತಪ್ಪುತ್ತದೆ.

ಫಾರ್ವರ್ಡ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೆಸರು ಇರುತ್ತದೆಯಲ್ಲ? ಅದರ ಹಿಂದೆ ಒಂದು ನಿಜ ಇದೆ. ಆ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2011ರಲ್ಲಿ ರೇಡಿಯೊ ಅಲೆಗಳನ್ನು 2ಬಿ ಗುಂಪಿಗೆ ಸೇರಿಸಿತು. ಸಂಬಂಧ ಇರಬಹುದೇ ಎಂಬ ಅನುಮಾನಕ್ಕೆ ಸೀಮಿತ ಪುರಾವೆ ಮಾತ್ರ ಇರುವ ಗುಂಪು ಅದು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಅಂದಿನ ಚರ್ಚೆಯ ಮುಖ್ಯ ಆಧಾರ ಕಿವಿಗೆ ಒತ್ತಿ ಹಿಡಿಯುವ ಮೊಬೈಲ್ ಫೋನಿನ ಅಧ್ಯಯನಗಳು. ಮಹಡಿಯ ಮೂಲೆಯಲ್ಲಿ ಕೂತ ರೂಟರ್ ಅಲ್ಲ.

ಇನ್ನೊಂದು ಮಾತು. ರೂಟರ್ ಹತ್ತಿರವಿದ್ದರೆ ಅದೇ ಫೋಟೊವನ್ನು ಫೋನ್ ಬೇಗ ಕಳಿಸಿ ಮುಗಿಸುತ್ತದೆ. ಸಿಗ್ನಲ್ ಇಲ್ಲದ ಕೋಣೆಯಲ್ಲಿ ಅದೇ ಫೋಟೊಗೆ ಮತ್ತೆ ಮತ್ತೆ ಪ್ರಯತ್ನಿಸುತ್ತಾ ಹೆಚ್ಚು ಹೊತ್ತು ಪ್ರಸಾರ ಮಾಡುತ್ತಲೇ ಇರುತ್ತದೆ. ದೇಹಕ್ಕೆ ಹತ್ತಿರ ಇರುವುದು ರೂಟರ್ ಅಲ್ಲ, ಫೋನು. ವಿಕಿರಣದ ಹೆದರಿಕೆಯಿಂದ ಎರಡನೇ ರೂಟರ್ ಬೇಡ ಎನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಾತ್ರಿ ಆಫ್ ಮಾಡಿ ಮಲಗುವುದು ನಿಮ್ಮ ಇಷ್ಟ, ಅದರಿಂದ ನಷ್ಟವಿಲ್ಲ. ಆದರೆ ಮೇಲಿನ ಕೋಣೆಯಲ್ಲಿರುವ ತಾತನಿಗೆ ಹಗಲಿನಲ್ಲೂ ಸಂಪರ್ಕ ಸಿಗದ ಹಾಗೆ ಮಾಡಲು ಅದು ಕಾರಣವಲ್ಲ.

ಉಳಿದದ್ದು

ಗೋಪಾಲಸ್ವಾಮಿ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರೂ ಆದರು. ಅವರು ಕಟ್ಟಿದ ಮನಶ್ಶಾಸ್ತ್ರ ವಿಭಾಗ ಬೆಳೆದು ಮೈಸೂರು ವಿಶ್ವವಿದ್ಯಾಲಯದಲ್ಲಿ ಇವತ್ತಿಗೂ ಇದೆ. ಅವರು ತೀರಿಕೊಂಡು ಅನೇಕ ದಶಕಗಳಾದವು. ಮೈಸೂರಿನ ಒಂದು ಮನೆಯಿಂದ ಹೊರಟ ಹೆಸರನ್ನು ದೇಶದ ರೇಡಿಯೊ ಈಗಲೂ ಹೇಳಿಕೊಳ್ಳುತ್ತದೆ, ಹೇಳುವಾಗ ಆ ಮನೆ ಯಾರಿಗೂ ನೆನಪಾಗುವುದಿಲ್ಲ.

ಅವರ ಕಾಲದಲ್ಲಿ ಮನೆಯೊಳಗೆ ಟ್ರಾನ್ಸ್‌ಮಿಟರ್ ಇದ್ದದ್ದು ಊರಿಗೇ ಸುದ್ದಿ. ಇವತ್ತು ಕೆಂಗೇರಿ ಉಪನಗರದ ಒಂದೊಂದು ಬೀದಿಯಲ್ಲೂ ಹತ್ತಾರು ಇವೆ, ಯಾರೂ ಅವುಗಳನ್ನು ಟ್ರಾನ್ಸ್‌ಮಿಟರ್ ಅನ್ನುವುದಿಲ್ಲ. ಎರಡನೆಯದನ್ನು ಕೊಳ್ಳುವ ಮೊದಲು ಫೋನ್ ಹಿಡಿದು ಒಂದು ಸಲ ಮನೆಯೆಲ್ಲ ಸುತ್ತಿ. ಯಾವ ಕೋಣೆಯಲ್ಲಿ ಕಾಲ್ ಕಡಿಯುತ್ತದೆ, ಆ ಕೋಣೆಯಲ್ಲಿ ಯಾರು ಇರುತ್ತಾರೆ ಎಂದು ಬರೆದುಕೊಳ್ಳಿ. ಪೆಟ್ಟಿಗೆ ಎಲ್ಲಿ ಇಡಬೇಕು ಅನ್ನುವುದನ್ನು ಆ ಚೀಟಿ ಹೇಳುತ್ತದೆ. ಗ್ರೂಪಿಗೆ ಏನನ್ನಾದರೂ ಫಾರ್ವರ್ಡ್ ಮಾಡಲೇಬೇಕಿದ್ದರೆ 1, 6, 11 ಎಂಬ ಮೂರು ಅಂಕಿಗಳನ್ನು ಮಾಡಿ. ಪಕ್ಕದ ಮನೆಯವರ ವೈಫೈ ಕೂಡ ಸುಧಾರಿಸಬಹುದು.